ಬರೀ ಎಂಟು ಹೆಸರು

ಬೊಂಬೆ ಕರಡಿಯ ಎಡಗಣ್ಣು ಹೊಲಿದಾಗಿತ್ತು. ಬಲಗಣ್ಣಿನ ಗುಂಡಿಗೆ ಅವಳು ದಾರ ಪೋಣಿಸುತ್ತಿದ್ದಾಗ, ಹೊಸ ಮ್ಯಾನೇಜರ್ ಬಂದು ಗೋಡೆಯ ಹಲಗೆಗೆ ಒಂದು ಕಾಗದ ಅಂಟಿಸಿ, ತುಟಿ ಬಿಚ್ಚದೆ ಹೊರಟುಹೋದ.

ಮೌನಿ ಸಾಹೇಬರು! ಬೊಂಬೆ ಕಾರ್ಖಾನೆಯ ಹೆಂಗಸರು ಅವನಿಗಿಟ್ಟ ಹೆಸರು ಅದು. ಬಂದು ಎರಡು ತಿಂಗಳಾದರೂ ಎಲ್ಲವೂ ಕಾಗದದಲ್ಲೇ. ಆದರೆ ದಿನವೂ ಮೂರನೇ ಸಾಲಿನಲ್ಲಿ, ಅವಳ ಮೇಜಿನ ಬಳಿ ಒಂದು ಕ್ಷಣ ನಿಂತು ನಗುತ್ತಿದ್ದ. ಆ ನಗುವಿಗೇ ಅವಳ ಇಡೀ ದಿನ ಹಗುರವಾಗುತ್ತಿತ್ತು...

ಇವತ್ತು ನಿಲ್ಲಲೇ ಇಲ್ಲ.

ಕಾಗದದಲ್ಲಿ ಬರೀ ಎಂಟು ಹೆಸರು. ಯಾಕೆ, ಏನು, ಒಂದೂ ಇಲ್ಲ. ಮೊದಲನೆಯದೇ ಅವಳದು!

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಹಿಂದಿನ ಮ್ಯಾನೇಜರ್ ಹೀಗೆ ಬರೀ ಹೆಸರು ಅಂಟಿಸಿದಾಗ, ಆ ಹೆಸರಿನವರು ಸೋಮವಾರದಿಂದ ಕೆಲಸದಲ್ಲಿರಲಿಲ್ಲ.

"ಮುಗೀತು ಕಣೇ, ನಂದೂ ಇದೆ," ಬೊಂಬೆಗೆ ಹತ್ತಿ ತುಂಬುವ ಅಕ್ಕ ಕುಸಿದು ಕೂತಳು. "ಈ ವಯಸ್ಸಲ್ಲಿ ನಂಗ್ಯಾರು ಕೆಲ್ಸ ಕೊಡ್ತಾರೆ?"

'ಅಮ್ಮನಿಗೆ ಏನಂತ ಹೇಳಲಿ? ಇದನ್ನು ಮನಸ್ಸಲ್ಲಿಟ್ಟುಕೊಂಡು ಹೇಗೆ ನಗುತ್ತಿದ್ದ?'

ಅವಳು ನೇರವಾಗಿ ಅವನ ಕೋಣೆಗೆ ನುಗ್ಗಿದಳು.

"ಮುಖ ಕೊಟ್ಟು ಹೇಳೋಕಾಗ್ಲಿಲ್ವಾ ಸರ್?"

"ಏನನ್ನ?"

"ನಮ್ಮನ್ನ ಕೆಲಸದಿಂದ ತೆಗೀತಿದ್ದೀರಿ ಅಂತ!"

ಅವನು ಗಾಬರಿಯಿಂದ ಎದ್ದ. "ಅಯ್ಯೋ, ತೆಗೆಯೋದಾ? ಹೊಸಬರಿಗೆ ಕಲಿಸೋಕೆ ಆರಿಸಿದ್ದು! ಎಲ್ಲರಿಗಿಂತ ಕೈ ಚೆನ್ನಾಗಿರೋ ಎಂಟು ಜನ..."

"ಹಾಗಂತ ಬರೀಬೇಕಿತ್ತಲ್ಲ?"

"ಬರೆದೆ... ಮುಖ್ಯ ಕಚೇರಿಗೆ. ನಾಲ್ಕು ಪುಟ."

"ನಮಗೆ?"

ಅವನು ತಲೆ ತಗ್ಗಿಸಿದ. "ಹೆಸರು ಮಾತ್ರ."

ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. "ಬನ್ನಿ ಹೊರಗೆ. ಅಕ್ಕ ಅಳ್ತಿದ್ದಾರೆ. ಬಾಯಿಬಿಟ್ಟು ಹೇಳಿ."

"ಜನರ ಮುಂದೆ ನಂಗೆ ಮಾತೇ ಹೊರಡಲ್ಲ..."

"ನಾವೇನು ಹುಲಿಗಳಾ? ಕರಡಿ ಹೊಲಿಯೋರು!"

ಹತ್ತಿಮೂಟೆಗಳ ಮುಂದೆ ನಿಂತು, ತಡವರಿಸುತ್ತಲೇ ಅವನು ಎಲ್ಲ ಹೇಳಿದ. "ತಪ್ಪಾಯ್ತು. ಇನ್ಮೇಲೆ ದಿನಾ ಬೆಳಿಗ್ಗೆ ಹತ್ತು ನಿಮಿಷ ಇಲ್ಲೇ ನಿಲ್ತೀನಿ. ಏನು ಬೇಕಾದ್ರೂ ಕೇಳಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯೋ, ಇವ್ರಿಗೆ ನಾಲಿಗೆ ಇದೆ ಕಣ್ರೇ! ಹಾಗಾದ್ರೆ ಈಗ್ಲೇ ಕೇಳ್ತೀನಿ. ಮೂರನೇ ಸಾಲಲ್ಲಿ ದಿನಾ ಯಾಕೆ ನಿಲ್ತೀರಿ?"

ಇಡೀ ಕಾರ್ಖಾನೆ ಗೊಳ್ಳೆಂದಿತು!

ಅವನ ಕಿವಿ ಕೆಂಪಾಯಿತು. "ಅದನ್ನ... ಒಬ್ಬರಿಗೆ ಮಾತ್ರ ಹೇಳ್ಬೇಕು."

ಸಂಜೆ, ಸಾಲುಗಳು ಖಾಲಿಯಾಗುತ್ತಿದ್ದಾಗ ಅವನು ಅವಳ ಮೇಜಿನ ಬಳಿ ಬಂದ.

"ಬೆಳಿಗ್ಗೆ ನಿಂತಿದ್ರೆ ಪಟ್ಟಿ ವಿಷಯ ನಿಮಗೊಬ್ಬರಿಗೇ ಮೊದಲು ಹೇಳಿಬಿಡ್ತಿದ್ದೆ. ಅದಕ್ಕೇ ನಿಲ್ಲಲಿಲ್ಲ." ಉಸಿರೆಳೆದುಕೊಂಡ. "ನೀವಂದ್ರೆ ನಂಗೆ ತುಂಬಾ ಇಷ್ಟ. ನಿಮ್ಮಮ್ಮನ ಹತ್ರ ಬಂದು ಮಾತಾಡ್ಲಾ?"

ಅವಳು ಕೈಯಲ್ಲಿದ್ದ ಕರಡಿಯನ್ನು ಮೇಜಿನ ಮೇಲಿಟ್ಟಳು. "ಮೊದಲು ನನ್ನ ಹತ್ರ ಮಾತಾಡಿ. ದಿನಾ."

"ಏನು ಮಾತಾಡ್ಲಿ?"

"ಏನಾದ್ರೂ... ನಾಲ್ಕು ಪುಟದಷ್ಟು!"

ಗೇಟಿನಲ್ಲಿ ಅಕ್ಕ ಕಾಯುತ್ತಿದ್ದಳು. "ಏನಂದ್ರು ಕಣೇ ಸಾಹೇಬ್ರು?"

"ಏನಿಲ್ಲ ಅಕ್ಕ."

ಭಾನುವಾರ ಅಮ್ಮ ಮತ್ತೆ ಗಂಡಿನ ಮಾತೆತ್ತಿದರೆ, ಇನ್ನು ಹುಡುಕುವುದು ಬೇಡ ಎಂದು ಹೇಳಿಬಿಡಬೇಕು... ಅವಳು ಆಗಲೇ ನಿರ್ಧರಿಸಿಬಿಟ್ಟಿದ್ದಳು.