ತಲೆ ಎತ್ತಿದ ಹುಳು

ಮೇಘನ ಅಳುತ್ತ ಬರಲಿಲ್ಲ, ಉರಿಯುತ್ತ ಬಂದಳು. ಅವಳ ಬಿಸಿಗೆ ಶ್ಯಾಮಲಮ್ಮನವರ ಲೋಟದ ಕಾಫಿ ಮತ್ತೊಮ್ಮೆ ಕುದಿಯಿತು. ನಂಬದಿದ್ದರೆ ಬಿಡಿ.

ಶ್ಯಾಮಲಮ್ಮ ಕೋಲಾರದಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಊರಿನ ಕಳ್ಳತನ, ಮೋಸವೆಲ್ಲ ಕೊನೆಗೆ ಅವರ ಜಗಲಿಗೇ ಬರುತ್ತದೆ. ಅವರನ್ನು ಸುತ್ತಾಡಿಸುವ ಆಟೋ ನನ್ನದು.

"ಆಧುನಿಕೋತ್ತರ ಸಿದ್ಧಾಂತಕ್ಕೂ ಈಗಿನ ಕಾದಂಬರಿಗೂ ಏನು ಸಂಬಂಧ ಅಂತ ವರ್ಷಗಟ್ಟಲೆ ಓದಿ ಬರೆದೆ ಮೇಡಂ. ಗೈಡ್ ಮುರಳಿಮೋಹನ್ ಸರ್ ತಿದ್ದಿಕೊಡ್ತೀನಿ ಅಂತ ಕೈಬರಹದ ಪ್ರತಿ ಇಸ್ಕೊಂಡ್ರು. ತಮ್ಮ ಹೆಸರಲ್ಲಿ ಪುಸ್ತಕಾನೇ ತಂದ್ರು! ಈಗ ನಾನೇ ಕದ್ದೆ ಅಂತಾರೆ. ನಾಳೆ ಕಾಲೇಜಲ್ಲಿ ನನ್ನ ಪಿಎಚ್‌ಡಿ ನೋಂದಣಿ ರದ್ದು ಮಾಡ್ತಾರಂತೆ."

"ನೀನು ಕೇಳಿದ್ದಕ್ಕೆ ಏನಂದ?"

"ಲೇಖಕ ಅನ್ನೋನು ಸತ್ತೋಗಿದಾನೆ, ಬರಹ ಯಾರದ್ದೂ ಅಲ್ಲ, ನೀನು ಓದಿದ ಸಿದ್ಧಾಂತ ಹೇಳೋದೇ ಅದಲ್ವಾ ಅಂತ ನಕ್ಕರು."

"ಹೆಣದ ಜೇಬಿಗೆ ಕೈ ಹಾಕೋನು ಕಣಮ್ಮ ಅವನು!" ಎಂದು ನಾನೇ ಕೂಗಿಬಿಟ್ಟೆ.

ಶ್ಯಾಮಲಮ್ಮ ಮೇಘನ ಸಲ್ಲಿಸಿದ್ದ ಪ್ರಬಂಧವನ್ನೂ ಆ ಪುಸ್ತಕವನ್ನೂ ಓದಿದರು. ಒಂದಕ್ಷರವೂ ಬೇರೆ ಇರಲಿಲ್ಲ. ಒಂದು ಸಾಲಿಗೆ ಮಾತ್ರ ಬೆರಳಿಟ್ಟು ಕೂತರು: 'ಹೊಸ ಕಾದಂಬರಿಯ ನಡುವೆ ಕತೆ ತಲೆ ಎತ್ತಿದ ಹುಳುವಾಗುತ್ತದೆ.'

"ಮುನಿಕೃಷ್ಣ, ಸುಗಟೂರಿಗೆ ಬಿಡಪ್ಪ."

ಅಲ್ಲಿ ಮೇಘನಳ ತಾಯಿ ಗಂಗಾಲಕ್ಷ್ಮಿ ರೇಷ್ಮೆ ಹುಳು ಸಾಕುತ್ತಾರೆ. ತಟ್ಟೆಯ ತುಂಬ ಹುಳುಗಳು ತಲೆ ಎತ್ತಿ ಅಲ್ಲಾಡದೆ ನಿಂತಿದ್ದವು. ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿಯಿದ್ದರೂ ಆಕೆ ಮುಟ್ಟಿರಲಿಲ್ಲ.

"ಪೊರೆ ಬಿಡೋಕೆ ಕೂತವೆ. ಈಗ ಸೊಪ್ಪು ಹಾಕಿದ್ರೆ ತೇವಕ್ಕೆ ರೋಗ ಬಂದು ಸಾಯ್ತವೆ. ಪೊರೆ ಬಿಟ್ಟು ಎದ್ದ ಮೇಲೇ ಸೊಪ್ಪು. ಅಲ್ಲೀಗಂಟ ಸುಮ್ನೆ ಕಾಯ್ಬೇಕಮ್ಮ" ಎಂದರು ಆಕೆ.

ಮರುದಿನ ಕಾಲೇಜಿನ ಕೋಣೆಯಲ್ಲಿ ಪ್ರಾಂಶುಪಾಲ ಕೋದಂಡರಾಮಪ್ಪನವರ ಎದುರು ಎಲ್ಲರೂ ಸೇರಿದೆವು. ಗಂಗಾಲಕ್ಷ್ಮಿಯೂ ಬಂದಿದ್ದರು.

"ಈ ಹುಳುವಿನ ಹೋಲಿಕೆ ಚೆನ್ನಾಗಿದೆ ಮುರಳಿ. ಎಲ್ಲಿಂದ ಹೊಳೀತು?" ಎಂದರು ಶ್ಯಾಮಲಮ್ಮ.

"ಮಾಲೂರಲ್ಲಿ ನಮ್ಮ ಸೋದರತ್ತೆ ಹುಳು ಸಾಕ್ತಿದ್ರು ಮೇಡಂ. ಹುಳು ತಲೆ ಎತ್ತಿದ್ರೆ ಹಸಿವು ಅಂತ. ಆಗೆಲ್ಲ ನಾನೇ ಬುಟ್ಟಿಗಟ್ಟಲೆ ಸೊಪ್ಪು ಹಾಕ್ತಿದ್ದೆ. ಓದುಗನಿಗೂ ಅಂಥದೇ ಹಸಿವು."

"ತಲೆ ಎತ್ತಿದಾಗ ಸೊಪ್ಪಾ?" ಗಂಗಾಲಕ್ಷ್ಮಿ ಎದ್ದೇ ನಿಂತರು. "ಅಯ್ಯೋ, ಎಷ್ಟು ಹುಳು ಸಾಯ್ಸಿದೀಯಪ್ಪ!"

ಶ್ಯಾಮಲಮ್ಮನವರ ದನಿ ಗಡುಸಾಯಿತು. "ಆಗ ಹುಳು ತಿನ್ನಲ್ಲ, ಹಳೇ ಪೊರೆ ಕಳಚೋಕೆ ನಿಂತಿರುತ್ತೆ. ಹೊಸ ಕಾದಂಬರೀಲೂ ಕತೆ ಹಾಗೇ ನಿಲ್ಲುತ್ತೆ, ಓದೋರು ಕಾಯ್ಬೇಕು. ಮುಂದಿನ ಪುಟವೆಲ್ಲ ಕಾಯೋದರ ಬಗ್ಗೇನೇ ಇದೆ, ಹಸಿವಿನ ಮಾತೇ ಇಲ್ಲ. ಬರೆದೋಳು ಹುಳು ಯಾಕೆ ನಿಲ್ಲುತ್ತೆ ಅಂತ ವಿವರಿಸಲಿಲ್ಲ. ಅವಳ ಮನೇಲಿ ಅದು ಮಗುವಿಗೂ ಗೊತ್ತು. ನೀನು ಕದ್ದೆ, ಅರ್ಥಾನೂ ಮಾಡ್ಕೊಳ್ಳಲಿಲ್ಲ."

"ಆದ್ರೂ ಮೇಡಂ, ಸಿದ್ಧಾಂತದ ಪ್ರಕಾರ ಲೇಖಕ..."

"ಸತ್ತಿದ್ದಾನೆ, ಅಲ್ವಾ? ಹಾಗಾದ್ರೆ ಪುಸ್ತಕದ ಮೇಲೆ ನಿನ್ನ ಹೆಸರು, ಫೋಟೋ ಯಾಕೋ? ಬರಹ ಯಾರದ್ದೂ ಅಲ್ಲದಿದ್ರೆ ಈ ಹುಡುಗಿ ಕಳ್ಳಿ ಹೇಗಾದ್ಲು? ಸಿದ್ಧಾಂತ ಇರೋದು ಓದೋಕೆ, ಹೊದ್ದುಕೊಂಡು ಕದಿಯೋಕಲ್ಲ!"

ಮುರಳಿಮೋಹನ್ ತಲೆ ಎತ್ತಲಿಲ್ಲ. ಕೋದಂಡರಾಮಪ್ಪನವರು ರದ್ದತಿ ಆದೇಶವನ್ನು ಅಲ್ಲೇ ಹರಿದರು.

ಮೇಘನ ಆ ಪುಸ್ತಕ ಎಳೆದುಕೊಂಡು, ಅವನ ಹೆಸರಿಗೆ ಗೀಟು ಹಾಕಿ ತನ್ನ ಹೆಸರು ಬರೆದಳು. ಸಿಟ್ಟಿನಲ್ಲಿ ಎಷ್ಟು ಒತ್ತಿದಳೆಂದರೆ, ಪುಸ್ತಕ ದಾಟಿ ಕೆಳಗಿನ ಮೇಜಿನ ಮೇಲೂ ಹೆಸರು ಮೂಡಿತು. ಬೇಕಾದರೆ ಆಟೋ ಹತ್ತಿ, ತೋರಿಸುತ್ತೇನೆ.