ಎರಡು ಸೊನ್ನೆಗಳ ನಡುವೆ

"ಥೂ, ಮತ್ತೆ ಸೊನ್ನೆ!"

ಗ್ರಾಫ್ ಹಾಳೆಯ ಮೇಲಿನ ಚುಕ್ಕೆಯನ್ನು ಅವಳು ರಬ್ಬರಿನಿಂದ ಗಸಗಸ ಉಜ್ಜಿದಳು. ಕೂತಿದ್ದು ಹಿತ್ತಲ ಮೆಟ್ಟಿಲ ಮೇಲೆ. ಎದುರಿಗೇ ಕೊಳ. ಮನೆಯವರೆಲ್ಲ ಅವಳನ್ನು ಕರೆಯುವುದು ಮೋಡ ಅಂತ. ಪಾಠದ ನಡುವೆ ಎಲ್ಲಿಗೋ ತೇಲಿಹೋಗುತ್ತಾಳಲ್ಲ, ಅದಕ್ಕೆ.

ನಾಳೆ ಅವಳೇ ಬೋರ್ಡಿನ ಮೇಲೆ ಈ ಗ್ರಾಫ್ ಬಿಡಿಸಬೇಕು. ಮಿಸ್ ಹಾಗೆ ಹೇಳಿದ್ದೇ ತಡ, ಇಡೀ ಕ್ಲಾಸು ಕಿಸಕ್ಕೆಂದಿತ್ತು. ಹೋದ ಟೆಸ್ಟಿನಲ್ಲಿ ಅವಳು ಸೊನ್ನೆ ಸುತ್ತಿದ್ದನ್ನು ಯಾರೂ ಮರೆತಿಲ್ಲ. ನಾಳೆಯೂ ನಗೆಪಾಟಲಾದರೆ?

ಕಾಲೇಜಿಂದ ಬಂದ ಅಣ್ಣ ಬ್ಯಾಗೂ ಇಳಿಸದೆ ಇಣುಕಿದ.

"ಏನೇ ಮೋಡ, ಹಾಳೆ ತೂತು ಮಾಡ್ತೀಯಾ?"

"ನೋಡೋ ಅಣ್ಣ. ಎಕ್ಸ್ ಜಾಗಕ್ಕೆ ಎರಡು ಹಾಕಿದ್ರೆ ವೈ ಮೈನಸ್ ಒಂದು ಬಂತು. ನಾಲ್ಕು ಹಾಕಿದ್ರೆ ಮೂರು ಬಂತು. ಒಂದು ಹಾಕಿದ್ರೂ ತಪ್ಪು, ಮೂರು ಹಾಕಿದ್ರೂ ತಪ್ಪು."

"ತಪ್ಪು ಅಂತ ಯಾರಂದ್ರು?"

"ಸೊನ್ನೆ ಬರ್ತಿದೆಯಲ್ಲ!"

ಅಣ್ಣನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ.

"ಪ್ರಶ್ನೆ ಏನು ಕೇಳಿದಾರೆ?"

"ಗ್ರಾಫು ಎಕ್ಸ್ ಗೆರೇನ ಎಲ್ಲಿ ದಾಟುತ್ತೆ ಅಂತ."

"ಹೂಂ, ಯೋಚ್ನೆ ಮಾಡು," ಎಂದು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚತೊಡಗಿದ.

ಯೋಚನೆ ಮಾಡುತ್ತ ಮಾಡುತ್ತ ಅವಳ ಕಣ್ಣು ಕೊಳಕ್ಕೆ ಜಾರಿತು. ಸಂಜೆಯ ಬೆಳಕಿಗೆ ನೀರು ಗೆರೆ ಎಳೆದ ಹಾಗೆ ಮಲಗಿತ್ತು. ಕೊಂಬೆಯಿಂದ ಮಿಂಚುಳ್ಳಿಯೊಂದು ನೀಲಿಯಾಗಿ ಬಾಗಿ ಇಳಿಯಿತು. ಬುಳುಕ್! ನೀರಿನೊಳಗೆ ಮಾಯ. ಅವಳು ಉಸಿರು ಬಿಗಿಹಿಡಿದಳು. ತುಸು ಆಚೆ ಹಕ್ಕಿ ಮೇಲೆದ್ದು ಹಾರಿಹೋಯಿತು.

ನೀರಿನ ಮೇಲೆ ಎರಡು ಉಂಗುರ ಉಳಿದವು. ಮುಳುಗಿದಲ್ಲಿ ಒಂದು, ಎದ್ದಲ್ಲಿ ಒಂದು. ದುಂಡಗೆ.

"ಅಣ್ಣ," ಅವಳ ದನಿ ಮೆಲ್ಲಗಾಗಿತ್ತು. "ಹಕ್ಕಿ ನೀರು ಮುಟ್ಟುತ್ತಲ್ಲ, ಆಗ ಅದು ನೀರಿಂದ ಎಷ್ಟು ಮೇಲಿರುತ್ತೆ?"

"ಮುಟ್ಟಿದ ಮೇಲೆ ಇನ್ನೆಲ್ಲಿ ಮೇಲೆ? ಎಷ್ಟೂ ಇಲ್ಲ."

"ಎಷ್ಟೂ ಇಲ್ಲ," ಎಂದುಕೊಂಡಳು. ಉಜ್ಜಿ ಉಜ್ಜಿ ತೆಳುವಾಗಿದ್ದ ಎರಡೂ ಜಾಗದಲ್ಲಿ, ಹಾಳೆ ಹರಿಯದ ಹಾಗೆ, ಪೆನ್ಸಿಲ್ ಊರಿದಳು.

ಮರುದಿನ ಬೋರ್ಡಿನ ಮೇಲೆ ಅವಳ ಚಾಕ್‌ಪೀಸು ಬಾಗಿ ಇಳಿಯಿತು. ಎಕ್ಸ್ ಗೆರೆಯ ಮೇಲೆ ಒಂದರ ಹತ್ತಿರ ಬಂದಾಗ ಹಿಂದಿನ ಬೆಂಚಿನಿಂದ ಯಾರೋ, "ಲೋ, ಸೊನ್ನೆ ಬಂತು ಕಣೋ!" ಎಂದರು. ನಗು ಹಬ್ಬಿತು.

ಅವಳಿಗೆ ಅದು ದಡದಲ್ಲಿ ಯಾರೋ ಮಾತಾಡಿದಂತೆ ಕೇಳಿಸಿತು. ಚಾಕ್‌ಪೀಸು ಗೆರೆಯ ಕೆಳಗಿಳಿದಿತ್ತು. ತಳ ಮುಟ್ಟಿ, ತಿರುಗಿ, ಮೂರರಲ್ಲಿ ಮೇಲೆದ್ದಿತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಅವಳು ಆಗ ಬಿಟ್ಟಳು.

"ಎಲ್ಲಿ ದಾಟಿತು, ತೋರಿಸು," ಎಂದರು ಮಿಸ್.

"ಇಲ್ಲಿ ಮುಳುಗ್ತು ಮಿಸ್. ಇಲ್ಲಿ ಎದ್ತು."

ಎರಡೂ ಕಡೆ ಒಂದೊಂದು ಸೊನ್ನೆ ಬರೆದಳು. ದೊಡ್ಡದಾಗಿ, ಅವಸರವಿಲ್ಲದೆ.