ಫೋಟೋ ಮುಗಿಯುವವರೆಗೆ

"ಕೈ ಸ್ವಲ್ಪ ಸಡಿಲ ಮಾಡಿ ಮಹಾರಾಜರೇ, ಬಳೆ ಒತ್ತುತ್ತೆ," ಎಂದಳು ಆಕೆ, ತುಟಿ ಅಲುಗಿಸದೆ.

"ಸಡಿಲ ಬಿಟ್ರೆ ಜಾರ್ಕೊಂಡು ಹೋಗ್ತೀಯ." ಅವನ ನಗು ಕ್ಯಾಮೆರಾ ಕಡೆಗೇ ಇತ್ತು.

ಅರಮನೆ ಈಗ ಐಷಾರಾಮಿ ಹೋಟೆಲು. ದರ್ಬಾರ್ ಹಾಲ್ ಈಗ ಮ್ಯೂಸಿಯಂ. ಸಂಜೆ ಅಲ್ಲಿನ ಸಿಂಹಾಸನದ ವೇದಿಕೆಯಲ್ಲಿ ಅತಿಥಿಗಳ ಜೊತೆ ಫೋಟೋಗೆ ಕೂರಲು ರಾಜ ರಾಣಿ ಬೇಕು. ಬಾಗಿಲು ಕಾಯುವ ಇವನಿಗೆ ಮೀಸೆ ಇದೆಯೆಂದು ರಾಜನ ಪಟ್ಟ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಇವಳಿಗೆ ಜರಿಯುಡುಪು ಅಳತೆಗೆ ಕೂತಿತೆಂದು ರಾಣಿಯ ಪಟ್ಟ. ಸಿಬ್ಬಂದಿಯಲ್ಲಿ ಇಬ್ಬರು ಮದುವೆಯಾದರೆ ಒಬ್ಬರು ಕೆಲಸ ಬಿಡಬೇಕು, ಇದು ಹೋಟೆಲಿನ ಕಾನೂನು. ರಾಜರು ಹೋದರು, ರಾಜಾಜ್ಞೆ ಹೋಗಲಿಲ್ಲ.

ಮೊದಮೊದಲು ಆಕೆ ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಸಿಡುಕುತ್ತಿದ್ದಳು. ಈಗ ಅವನ ಅಂಗೈಯೊಳಗೆ ಅವಳ ಬೆರಳುಗಳು ತಾವಾಗಿಯೇ ಜಾಗ ಹುಡುಕುತ್ತವೆ. ಓರೆಗಣ್ಣಲ್ಲಿ ಮೀಸೆ ನೋಡಿ ನಗುತ್ತಾಳೆ. ಆ ನಗು ಮಾತ್ರ ಯಾವ ಫೋಟೋದಲ್ಲೂ ಬಿದ್ದಿಲ್ಲ.

ಒಂದು ಕುಟುಂಬ ಇಳಿದು ಇನ್ನೊಂದು ಬರುವಷ್ಟರಲ್ಲಿ ಅವನೆಂದ, "ನಾನೇ ಕೆಲಸ ಬಿಡ್ತೀನಿ. ಮದುವೆ ಆಗೋಣ."

"ನಿಮ್ಮಪ್ಪನ ಆಪರೇಷನ್?"

ಆಸ್ಪತ್ರೆಯ ಖರ್ಚು ಅವನ ಕೆಲಸದ ಮೇಲೆ ಹೋಟೆಲು ಕೊಟ್ಟ ವಿಮೆಯದು. ಅವನು ಮೀಸೆ ತೀಡಿದ. "ಹಾಗಾದ್ರೆ ನೀನು ಬಿಡು."

"ನಾವಿರೋದು ಹೋಟೆಲ್ ಕ್ವಾರ್ಟರ್ಸಲ್ಲಿ. ಅಮ್ಮ, ತಂಗಿ ಬೀದೀಲಿ ಮಲಗ್ಬೇಕಾ?"

"ಬೇರೆ ಕೆಲಸ ಹುಡುಕ್ತೀನಿ."

"ಎಲ್ಲಿ? ಅಂಗಡಿಬೀದೀನೂ ಈ ಹೋಟೆಲಿನವರದೇ, ಕೆರೆದಂಡೇನೂ ಇವರದೇ."

"ಇನ್ನೂ ಹತ್ತಿರ, ಇನ್ನೂ ಹತ್ತಿರ!" ಫೋಟೋಗ್ರಾಫರ್ ಕೂಗಿದ.

ಅವಳ ತಲೆ ಅವನ ಭುಜಕ್ಕೆ ತಾಕಿತು. "ನಾಳೆಯಿಂದ ನಾನು ಬರಲ್ಲ. ಬೇರೆಯವಳನ್ನ ಕೂರಿಸಿ ಅಂತ ಮ್ಯಾನೇಜರಿಗೆ ಹೇಳಿದೀನಿ."

"ಯಾಕೆ? ಇಷ್ಟಾದ್ರೂ ಇರಲಿ ಬಿಡು."

"ದಿನಾ ನಿಮ್ಮ ಹೆಂಡ್ತಿಯಾಗಿ ಕೂತು, ದಿನಾ ಯಾರೂ ಅಲ್ಲದೆ ಎದ್ದು ಹೋಗೋದು ನನ್ ಕೈಲಾಗಲ್ಲ ಕಣ್ರೀ. ಇದಕ್ಕಿಂತ ಇಸ್ತ್ರಿ ಬಿಸೀನೇ ವಾಸಿ."

ಬೆಳಕು ಮಿಂಚಿತು. ಆಕೆ ಅವನ ಅಂಗಿತೋಳಿನ ಸುಕ್ಕನ್ನು ಅಂಗೈಯಿಂದ ಒಮ್ಮೆ ನೀವಿ ಕೆಳಗಿಳಿದಳು.

ಮರುದಿನ ರಿಸೆಪ್ಷನ್ನಿನ ಹುಡುಗಿ ಬಂದು ಕೂತಳು. ಉಡುಪು ದೊಗಳೆಯಾಗಿ, ಬೆನ್ನ ಹಿಂದೆ ಪಿನ್ನು ಚುಚ್ಚಿದ್ದರು. ಅವನು ಅವಳ ಕೈ ಹಿಡಿದ, ಹಿಡಿಯಲೇಬೇಕಿತ್ತು.

ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ. "ಏನಯ್ಯಾ ಮೀಸೆ, ಮರದ ಕೊರಡಿನ ಹಾಗೆ ಕೂತಿದೀಯ? ನಿನ್ನೆಯವಳ ಜೊತೆ ಎಷ್ಟು ಚೆನ್ನಾಗಿ ನಟನೆ ಮಾಡ್ತಿದ್ದೆ!"